ಮುಂಭಾಗದ ಸಸ್ಪೆನ್ಷನ್: ಸ್ಪೇಸರ್ ಸಾಕಾ, ಕಾಯಿಲೋವರ್ ಬೇಕಾ?

ಗಾಡಿಯ ಮೂತಿ ಸ್ವಲ್ಪ ಮೇಲೆದ್ದು ದೊಡ್ಡ ಟೈರ್ ಕೂತರೆ ಸಾಕು ಅನ್ನುವವರಿಗೆ ಸ್ಪೇಸರ್ ಸಾಕು. ಸ್ಟ್ರಟ್ (ಸ್ಪ್ರಿಂಗ್ ಮತ್ತು ಕುಲುಕಾಟ ತಡೆಯುವ ಶಾಕ್ ಸೇರಿದ ಜೋಡಿ) ತಲೆಯ ಮೇಲೆ ಕೂರುವ ದಪ್ಪ ಬಿಲ್ಲೆ ಅದು, ಅಷ್ಟೇ. ಅಗ್ಗ, ಬೇಗ ಮುಗಿಯುವ ಕೆಲಸ. ಆದರೆ ಸ್ಪ್ರಿಂಗ್, ಶಾಕ್ ಎರಡೂ ಹಳೆಯವೇ ಅಲ್ವಾ? ಕುಲುಕಾಟ ಇದ್ದಷ್ಟೇ ಇರುತ್ತದೆ.

ಕಾಯಿಲೋವರ್ ಕಥೆಯೇ ಬೇರೆ. ಹಳೆಯ ಸ್ಟ್ರಟ್ ತೆಗೆದು ಅದರ ಜಾಗಕ್ಕೆ ಹಾಕುವ, ಸ್ಪ್ರಿಂಗ್, ಶಾಕ್ ಎರಡೂ ಹೊಸದಾಗಿರುವ ಜೋಡಿ ಅದು. ಭಾರದ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ) ಹಾಕಿಸಿದ್ದರೆ ಆ ತೂಕಕ್ಕೆ ತಕ್ಕ ಸ್ಪ್ರಿಂಗ್ ಆರಿಸಿಕೊಳ್ಳಬಹುದು. ಕಲ್ಲುಹಾದಿಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಮಾಮೂಲಿ ಶಾಕಿನೊಳಗಿನ ಎಣ್ಣೆ ಕಾದು, ನೊರೆಯೆದ್ದು, ಹಿಡಿತ ಸಡಿಲವಾಗಿ ಗಾಡಿ ದೋಣಿ ಥರ ತೇಲಾಡುತ್ತದೆ. ಕೆಲವು ಕಾಯಿಲೋವರ್‌ಗಳಲ್ಲಿ ಬರುವ, ಪಕ್ಕದಲ್ಲಿ ರಿಸರ್ವಾಯರ್ ಡಬ್ಬಿ ಇರುವ ಶಾಕಿನಲ್ಲಿ ಎಣ್ಣೆ ಜಾಸ್ತಿ, ಅದು ಅಷ್ಟು ಬೇಗ ಸೋಲುವುದಿಲ್ಲ. ದುಬಾರಿ, ನಿಜ. ಸೀಲ್ ಸೋರಿದರೆ ರಿಪೇರಿ ಖರ್ಚು ಬೇರೆ.

ಯಾವುದನ್ನೇ ಹಾಕಿಸಿ, ಸುಮ್ನೆ ಎತ್ತರದ ಆಸೆಗೆ ಬೀಳಬೇಡಿ. ಸುಮಾರು 2 ಇಂಚು ದಾಟಿದರೆ ಮೇಲಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳು) ಕೂಡ ಬದಲಿಸಬೇಕಾಗಬಹುದು, ಸಿವಿ ಜಾಯಿಂಟ್ (ಚಕ್ರಕ್ಕೆ ಎಂಜಿನ್ ಬಲ ಒಯ್ಯುವ ಆಕ್ಸಲಿನ ಕೀಲು) ಜಾಸ್ತಿ ಬಾಗಿ ಅದರ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ನಾನಾದರೆ ಸ್ಪೇಸರ್ ಬಿಟ್ಟು, ಇನ್ನಷ್ಟು ದುಡ್ಡು ಕೂಡಿಸಿ, 2 ಇಂಚಿನೊಳಗೆ ಕಾಯಿಲೋವರನ್ನೇ ಹಾಕಿಸುತ್ತೇನೆ.