ಮೂರು ಬೆಟ್ಟ, ಮೂರೂ ಆನೆ ಸೀಮೆ: ಬ್ರಹ್ಮಗಿರಿ, ತಡಿಯಂಡಮೋಳ್, ಕುಮಾರಪರ್ವತ

ಒಂದೇ ದಿನದಲ್ಲಿ ಹತ್ತಿ ಇಳಿಯಬಹುದಾದ ಹುಲ್ಲುಬೆಟ್ಟ ಯಾವುದು ಚೆನ್ನ ಅಂತ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೂರು ಹೆಸರು ಬರುತ್ತವೆ. ಬ್ರಹ್ಮಗಿರಿ, ತಡಿಯಂಡಮೋಳ್, ಕುಮಾರಪರ್ವತ. ಮೂರೂ ಕೊಡಗಿನವು. ಮೂರರಲ್ಲೂ ಕಾಡು ದಾಟಿದ ಮೇಲೆ ಹುಲ್ಲು ಸಿಗುತ್ತದೆ, ಮೂರೂ ಆನೆ ಓಡಾಡುವ ಜಾಗ. ತಡಿಯಂಡಮೋಳನ್ನು ಎರಡು ಸಲ ಹತ್ತಿದ್ದೇನೆ, ಕುಮಾರಪರ್ವತವನ್ನು ಬೀದಳ್ಳಿ ಕಡೆಯಿಂದ ಒಮ್ಮೆ, ಬ್ರಹ್ಮಗಿರಿಯನ್ನು ಇರ್ಪುವಿನಿಂದ ಮೂರು ಸಲ. ಎತ್ತರದ ಲೆಕ್ಕ ಹಿಡಿದರೆ ತಡಿಯಂಡಮೋಳ್ 1748 ಮೀಟರ್, ಕುಮಾರಪರ್ವತ 1712, ಬ್ರಹ್ಮಗಿರಿ 1608. ಎತ್ತರದಲ್ಲಿ ಕಡೆಯದಾದ ಬ್ರಹ್ಮಗಿರಿಯೇ ನನ್ನ ಪಟ್ಟಿಯಲ್ಲಿ ಮೊದಲನೆಯದು.

ಕುಮಾರಪರ್ವತದ ಮಾತು ಬೇಗ ಮುಗಿಸುತ್ತೇನೆ. ಪುಷ್ಪಗಿರಿ ವನ್ಯಧಾಮದ ಒಳಗಿರುವ ಬೆಟ್ಟ ಅದು. ಹತ್ತಲು ಎರಡು ದಾರಿ. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಭಟ್ಟರ ಮನೆ, ಕಲ್ಲು ಮಂಟಪ, ಶೇಷಪರ್ವತ ಅಂತ ಬಯಲು ಹುಲ್ಲಿನ ಏರು ಸಿಗುತ್ತದೆ. ನೋಡಲು ಅದೇ ಚೆಂದ. ಆದರೆ ಬುಡದಿಂದ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಮೇಲೆ ಏರಬೇಕು. ಬೆಳಗಾಗುವ ಮುಂಚೆ ಹೊರಟರೂ ಒಂದೇ ದಿನದಲ್ಲಿ ಹತ್ತಿ ಇಳಿಯುವಾಗ ಸುತ್ತ ಏನಿದೆ ಅಂತ ನೋಡುವ ಪುರುಸೊತ್ತು ಇರುವುದಿಲ್ಲ. ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿ ಅದರ ಅರ್ಧದಷ್ಟು. ನಾನು ಹೋದದ್ದು ಅದರಲ್ಲಿ. ಬಹುಪಾಲು ದಟ್ಟ ಕಾಡು, ಕೊನೆಗೆ ಜಾರುವ ಬಂಡೆ, ಉದ್ದಕ್ಕೂ ಇಂಬಳ. ಆನೆ ಲದ್ದಿ ದಾರಿಯಲ್ಲಿ ಎರಡು ಕಡೆ ಕಂಡಿತು, ಎರಡೂ ಒಣಗಿದ್ದವು. ನಾನು ಹೋದ ಭಾನುವಾರ ಬಂಡೆಯ ಕೆಳಗೆ ಸಾಲು ನಿಂತು ಸರದಿಗೆ ಕಾಯಬೇಕಾಯಿತು. 2024ರ ಜನವರಿಯಲ್ಲಿ ಒಮ್ಮೆಲೇ ಸಾವಿರಾರು ಜನ ಅಲ್ಲಿಗೆ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದಿತು. ಬಹಳ ಮೊದಲೇ ಆಗಬೇಕಿದ್ದ ಕೆಲಸ. ಕಾಲಿನ ಕಸುವು ನೋಡಿಕೊಳ್ಳಬೇಕು ಅನ್ನುವವರಿಗೆ ಕುಮಾರಪರ್ವತವೇ ಸರಿ. ಆನೆಯ ನೆಲದಲ್ಲಿ ನಡೆದ ಅನುಭವ ಬೇಕು ಅನ್ನುವವರಿಗೆ ನಾನು ಹೇಳುವುದಿಲ್ಲ.

ತಡಿಯಂಡಮೋಳ್ ಮೂರರಲ್ಲಿ ಸಲೀಸು. ಕಕ್ಕಬ್ಬೆ ಹತ್ತಿರ ಇಳಿದು, ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ನೋಡಿಕೊಂಡು, ಕಾಫಿ ತೋಟದ ಪಕ್ಕದ ರಸ್ತೆ ಹಿಡಿದರೆ ಸುಮಾರು ಏಳು ಕಿಲೋಮೀಟರಿಗೆ ತುದಿ. ಮೊದಲರ್ಧ ಜೀಪು ಓಡಾಡುವ ದಾರಿ. ಆಮೇಲೆ ದೊಡ್ಡದೊಂದು ಬಂಡೆ, ಅಲ್ಲಿಂದ ಹುಲ್ಲು, ಕೊನೆಯಲ್ಲಿ ಶೋಲಾ, ಅಂದರೆ ಹುಲ್ಲುಬೆಟ್ಟದ ಮಡಿಲಲ್ಲಿ ಬೆಳೆಯುವ ದಟ್ಟ ಕಾಡಿನೊಳಗೆ ಕಡಿದಾದ ಏರು, ಮತ್ತೆ ಹುಲ್ಲು. ಮಕ್ಕಳನ್ನು ಕರೆದುಕೊಂಡು ಹೋಗಬಹುದು. ನೋಟ ಮೂರರಲ್ಲೂ ಇದರದೇ ದೊಡ್ಡದು. ಮಳೆ ನಿಂತ ಅಕ್ಟೋಬರಿನಲ್ಲಿ ಹುಲ್ಲಿನ ಮೇಲೆ ಗಾಳಿ ಬೀಸಿದರೆ ಇಡೀ ಗುಡ್ಡ ಮಗ್ಗುಲು ಬದಲಾಯಿಸಿದ ಹಾಗೆ ಕಾಣುತ್ತದೆ.

ಆದರೆ ಎರಡನೇ ಸಲ ಅಲ್ಲಿ ನಾವು ತಪ್ಪು ಮಾಡಿದೆವು. ಅವತ್ತು ನಮ್ಮ ಜೊತೆ ಗೈಡ್ ಇರಲಿಲ್ಲ. ತುದಿಯಲ್ಲಿ ಮಂಜು ಸರಿಯಲಿ ಅಂತ ಕಾಯುತ್ತ ಕೂತು ನಾಲ್ಕು ಗಂಟೆಗೆ ಇಳಿಯಲು ಶುರು ಮಾಡಿದೆವು. ಕೆಳಗೆ ತೋಟದ ರಸ್ತೆಗೆ ಬರುವಾಗ ಮಬ್ಬುಗತ್ತಲು. ಎಡಗಡೆ ತೋಟದಲ್ಲಿ ಬೈನೆ ಮರ (ತಾಳೆ ಜಾತಿಯದು) ಮುರಿದ ಸದ್ದು. ಒಂದು ಸದ್ದು, ಆಮೇಲೆ ಮೌನ, ಮತ್ತೆ ನಾರು ಸೀಳುವ ಸದ್ದು. ಎದುರಿಗೆ ಬಂದ ಜೀಪಿನವರು ದೀಪ ಆರಿಸಿ, "ಮುಂದೆ ಹೋಗ್ಬೇಡಿ, ನಿನ್ನೆಯಿಂದ ಒಂಟಿ ಆನೆ ಇಲ್ಲೇ ಉಂಟು" ಅಂದರು. ತೋಟದ ಕೆಲಸಗಾರರ ಲೈನ್ ಮನೆಯೊಂದರ ಜಗಲಿಯಲ್ಲಿ ಒಂದೂವರೆ ಗಂಟೆ ಕೂತೆವು. ಆ ಮನೆಯ ಅಮ್ಮ ಕರಿಕಾಫಿ ಕೊಟ್ಟು, ಆರು ಗಂಟೆ ಮೇಲೆ ತಾವು ಯಾರೂ ಆ ದಾರಿಯಲ್ಲಿ ಕಾಲಿಡುವುದಿಲ್ಲ ಅಂತ ಹೇಳಿದರು. 2023ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 6395 ಆನೆ ಅಂತ ಓದಿದಾಗ ನನಗೆ ಹೆಮ್ಮೆಯಾಗಿತ್ತು. ಆ ಜಗಲಿಯಲ್ಲಿ ಕೂತಾಗ, ಆ ಸಂಖ್ಯೆಯ ಪಕ್ಕದಲ್ಲೇ ದಿನಾ ಬೆಳಗ್ಗೆ ತೋಟದ ಕೆಲಸಕ್ಕೆ ಹೋಗುವವರು ಇವರು ಅನ್ನುವುದು ಮನಸ್ಸಿಗೆ ಬಂತು. ತಡಿಯಂಡಮೋಳಿನ ಮೇಲೆ ನನಗೆ ದೂರಿಲ್ಲ. ದಾರಿ ಸುಲಭ ಅನ್ನುವುದೇ ಅಲ್ಲಿ ಕಾಡನ್ನು ಮರೆಸಿಬಿಡುತ್ತದೆ.

ಬ್ರಹ್ಮಗಿರಿಯಲ್ಲಿ ಹಾಗೆ ಮರೆಯಲು ಬಿಡುವುದಿಲ್ಲ. ಶ್ರೀಮಂಗಲದ ಕಡೆಯಿಂದ ಇರ್ಪುವಿಗೆ ಬಂದು, ಅನುಮತಿ ಪಡೆದು, ಇಲಾಖೆ ಗೊತ್ತುಮಾಡುವ ಗೈಡ್ ಜೊತೆಗೇ ನಡೆಯಬೇಕು. ಇದನ್ನು ತಾಪತ್ರಯ ಅನ್ನುವವರಿದ್ದಾರೆ. ನನ್ನ ಪ್ರಕಾರ ಈ ಬೆಟ್ಟ ಗೆಲ್ಲುವುದೇ ಇಲ್ಲಿ. ರಾಮೇಶ್ವರ ದೇವಸ್ಥಾನ ದಾಟಿ, ಲಕ್ಷ್ಮಣತೀರ್ಥ ಧುಮುಕುವ ಜಲಪಾತದ ಪಕ್ಕದಿಂದ ಹತ್ತಿದರೆ ಮೊದಲು ಬಿಸಿಲೇ ಬೀಳದ ಕಾಡು. ಆಮೇಲೆ ಹುಲ್ಲು, ಮತ್ತೆ ಕಣಿವೆಯ ಮಡಿಲಲ್ಲಿ ಶೋಲಾ, ಮತ್ತೆ ಹುಲ್ಲು. ಹೀಗೆ ನೆರಳು ಬಿಸಿಲು ಅದಲುಬದಲಾಗುತ್ತ ನರಿಮಲೆ ಕ್ಯಾಂಪು ಬರುತ್ತದೆ. ಅಲ್ಲಿ ತೊರೆಯ ನೀರು ತುಂಬಿಸಿಕೊಂಡು ಮುಂದೆ ಬೆಟ್ಟದ ಏಣು, ಅಂದರೆ ಬೆನ್ನುಸಾಲು ಹಿಡಿಯಬೇಕು. ತುದಿಗೆ ಒಟ್ಟು ಒಂಬತ್ತು ಕಿಲೋಮೀಟರಿನ ಹತ್ತಿರ. ಮೇಲೆ ನಿಂತರೆ ಈಚೆಗೆ ನಾಗರಹೊಳೆಯ ಕಾಡು, ಆಚೆಗೆ ವಯನಾಡು. ಹೋಗಿ ಬರುವ ದೂರದಲ್ಲಿ ಇದು ತಡಿಯಂಡಮೋಳಿಗಿಂತ ಉದ್ದ, ಆದರೆ ಏರು ಒಮ್ಮೆಲೇ ಮೈಮೇಲೆ ಬೀಳುವುದಿಲ್ಲ. ಬಹಳ ಕಡೆ ದಾರಿ ಗುಡ್ಡವನ್ನು ಬಳಸಿಕೊಂಡು ಮೆಲ್ಲಗೆ ಏರುತ್ತದೆ. "ಇದು ನಾವು ಮಾಡಿದ್ದಲ್ಲಕ್ಕಾ, ಅವು ಮಾಡಿದ್ದು" ಅಂದರು ನಮ್ಮ ಗೈಡಣ್ಣ. ಅಷ್ಟು ಭಾರ ಹೊತ್ತು ಏರುವ ಪ್ರಾಣಿಗೆ ಸಲೀಸಾದ ಇಳಿಜಾರು ಎಲ್ಲಿದೆ ಅಂತ ಗೊತ್ತು. ಆನೆ ದಾರಿಯಲ್ಲಿ ನಡೆದರೆ ಮನುಷ್ಯರಿಗೂ ಉಬ್ಬಸ ಕಡಿಮೆ.

ಮೊದಲ ಸಲ ಹೋದದ್ದು ನವೆಂಬರ್ ಕೊನೆಯಲ್ಲಿ, ನಾವು ನಾಲ್ಕು ಜನ. ನರಿಮಲೆಗಿಂತ ಕೆಳಗೆ ಒಂದು ಕಡೆ ಗೈಡಣ್ಣ ಕೈ ಅಡ್ಡ ಹಿಡಿದು ನಿಲ್ಲಿಸಿದರು. ದಾರಿಯ ಮಧ್ಯೆ ಲದ್ದಿ. ಅದರ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ, ಒಂದು ಕಡ್ಡಿಯಿಂದ ಬಿಡಿಸಿದರು. ಬಿದಿರಿನ ನಾರು, ಹುಲ್ಲು, ನಡುವೆ ಅರಗದ ಕಾಫಿ ಬೀಜ. ಕೆಳಗಿನ ತೋಟದಲ್ಲಿ ಹಣ್ಣು ತಿಂದು ರಾತ್ರಿ ಮೇಲೆ ಬಂದಿದೆ ಅಂದರು. ಪಕ್ಕದ ಹಸಿ ಮಣ್ಣಿನಲ್ಲಿ ಹೆಜ್ಜೆ. ಮುಂಗಾಲಿನದು ದುಂಡಗೆ, ಹಿಂಗಾಲಿನದು ಉದ್ದುದ್ದ. ಅವರು ಒಂದು ಬಳ್ಳಿ ಕಿತ್ತು ದುಂಡಗಿನ ಹೆಜ್ಜೆಯ ಸುತ್ತ ಇಟ್ಟು ಅಳತೆಗೆ ಮುರಿದರು. ಅಷ್ಟೇ ಉದ್ದದ ಇನ್ನೊಂದನ್ನು ಅದಕ್ಕೆ ಗಂಟು ಹಾಕಿ, ಕೈ ಪೂರ್ತಿ ಮೇಲೆತ್ತಿ ಹಿಡಿದರು. ಬಳ್ಳಿಯ ತುದಿ ನೆಲ ಮುಟ್ಟಿ ಇನ್ನೂ ಒಂದು ಗೇಣು ಉಳಿಯಿತು. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಹೆಗಲಿನ ಎತ್ತರ. ಇದನ್ನು ನಾನು ಎಲ್ಲೋ ಓದಿದ್ದೆ. ಆ ಬಳ್ಳಿ ಕಣ್ಣ ಮುಂದೆ ತೂಗಾಡುವಾಗಲೇ ಅದು ಅರ್ಥವಾದದ್ದು. "ಸಲಗ" ಅಂದರು ಅವರು. ನಾವು ಯಾರೂ ಮಾತಾಡಲಿಲ್ಲ.

ನರಿಮಲೆ ದಾಟಿ ಬೆನ್ನುಸಾಲಿಗೆ ಬಂದಾಗ ಆಚೆ ಗುಡ್ಡದ ಮೈಯಲ್ಲಿ, ಶೋಲಾದ ಅಂಚಿನಲ್ಲಿ ಐದು ಆನೆ. ಎರಡರ ನಡುವೆ ಮರಿ. ಗೈಡಣ್ಣ ಒಣ ಹುಲ್ಲು ಉಜ್ಜಿ ಪುಡಿ ಹಾರಿಸಿ ನೋಡಿದರು. ಗಾಳಿ ಅವುಗಳ ಕಡೆಯಿಂದ ನಮ್ಮ ಕಡೆಗಿತ್ತು. ಆನೆಗೆ ಕಣ್ಣು ಮಂದ, ಮೂಗು ಬಹಳ ಚುರುಕು, ಹಾಗಾಗಿ ಆ ಗಾಳಿ ನಮ್ಮ ಪಾಲಿಗೆ ಒಳ್ಳೆಯದೇ. ಬಂಡೆಯ ಮರೆಯಲ್ಲಿ ಕೂತು ಬೈನಾಕ್ಯುಲರಿನಲ್ಲಿ ನೋಡಿದೆ. ದೊಡ್ಡ ಹೆಣ್ಣಾನೆ ಸೊಂಡಿಲಿನಿಂದ ಹುಲ್ಲಿನ ಕಂತೆ ಕಿತ್ತು, ಬೇರಿನ ಮಣ್ಣು ಉದುರಲಿ ಅಂತ ಮುಂಗಾಲಿಗೆ ತಟತಟ ಬಡಿದು, ಆಮೇಲೆ ಬಾಯಿಗಿಡುತ್ತಿತ್ತು. ನಮ್ಮಮ್ಮ ಕೊತ್ತಂಬರಿ ಸೊಪ್ಪು ಒದರುವ ಹಾಗೆಯೇ. ಮರಿಯೂ ಅದನ್ನೇ ಮಾಡಲು ಹೋಗಿ ಹುಲ್ಲನ್ನು ಬೀಳಿಸಿಕೊಳ್ಳುತ್ತಿತ್ತು.

ತುದಿಗೆ ಇನ್ನು ಒಂದು ಗಂಟೆಯ ದಾರಿ ಇತ್ತು. ದಾರಿ ಆ ಶೋಲಾವನ್ನು ಒತ್ತಿಕೊಂಡೇ ಹೋಗುತ್ತದೆ. "ಬಿಸಿಲೇರಿದ್ರೆ ಅವು ನೆರಳಿಗೆ ಒಳಗೆ ಸೇರ್ತವೆ. ಆಮೇಲೆ ನಮಗೆ ಕಾಣಲ್ಲ, ಅದೇ ಅಪಾಯ. ವಾಪಸ್ ಹೋಗುವ" ಅಂದರು. ನಮ್ಮಲ್ಲೊಬ್ಬಳು ಬೆಂಗಳೂರಿನಿಂದ ಇದಕ್ಕಾಗಿಯೇ ಬಂದವಳು, ಅವಳ ಮುಖ ಸಣ್ಣದಾಯಿತು. ಆದರೂ ಮರುಮಾತಿಲ್ಲದೆ ತಿರುಗಿದೆವು. ಎರಡನೇ ಸಲ, ಮೂರನೇ ಸಲ ತುದಿ ಮುಟ್ಟಿದ್ದೇನೆ. ಕೇಳಿದವರಿಗೆ ಹೇಳುವುದು ಮಾತ್ರ ಮೊದಲ ಸಲದ್ದು. ತಡಿಯಂಡಮೋಳಿನಲ್ಲಿ ನಮಗೆ ಬೇಕಾಗಿದ್ದದ್ದು "ವಾಪಸ್ ಹೋಗುವ" ಅನ್ನುವ ಅದೇ ಒಂದು ಮಾತು.

ಖರ್ಚು ನೋಡಿದರೆ ಬ್ರಹ್ಮಗಿರಿಯೇ ದುಬಾರಿ, ಗೈಡ್ ಶುಲ್ಕವೂ ಸೇರುತ್ತದೆ. ನಾಲ್ಕೈದು ಜನ ಸೇರಿದರೆ ಹೊರೆ ಅನ್ನಿಸದು. ಇಂಬಳದ ಕಾಟ ಕುಮಾರಪರ್ವತದಲ್ಲೂ ಇಲ್ಲೂ ಸಮ. ಉಪ್ಪು ಮತ್ತು ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು ಎರಡಕ್ಕೂ ಬೇಕು. ಮೂರಕ್ಕೂ ಮಳೆಗಾಲ, ಕಾಡ್ಗಿಚ್ಚಿನ ಕಾಲ ಬಿಟ್ಟು ಅಕ್ಟೋಬರಿನಿಂದ ಜನವರಿ ಒಳ್ಳೆಯದು. ದಾರಿ ತೆರೆದಿದೆಯೇ ಅಂತ ಹೊರಡುವ ಮುಂಚೆ ಇಲಾಖೆಯಲ್ಲಿ ವಿಚಾರಿಸಿ. ಚಿಕ್ಕ ಮಕ್ಕಳಿದ್ದರೆ ತಡಿಯಂಡಮೋಳಿಗೇ ಹೋಗಿ, ಆದರೆ ಮಧ್ಯಾಹ್ನ ಎರಡಕ್ಕೆ ಇಳಿಯಲು ಶುರು ಮಾಡಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಎಲ್ಲಿಗೆ ಹೋದರೂ ಹಾಡು ಹಾಕುವ ಸ್ಪೀಕರನ್ನು ಮನೆಯಲ್ಲೇ ಬಿಡಿ. ಕಾಡಿನಲ್ಲಿ ಆನೆ ಇರುವುದು ಮೊದಲು ತಿಳಿಯುವುದು ಕಿವಿಗೆ.

ಡಿಸೆಂಬರಿನಲ್ಲಿ ಮತ್ತೆ ಇರ್ಪುವಿಗೆ ಹೊರಟಿದ್ದೇನೆ. ನರಿಮಲೆವರೆಗೆ ನಾನೂ ಬರುತ್ತೇನೆ ಅಂತ ಈ ಸಲ ಅಮ್ಮ ಹೇಳಿದ್ದಾರೆ.