ಬ್ಲೆಂಡ್ ನಾಬ್ ಇದೆ ಎಂದು ನಂಬಿ ಬೇಸ್ ಪೆಡಲ್ ಕೊಳ್ಳಬೇಡಿ

ಕೈಯಿಂದ ಪೆಡಲ್ ಕಟ್ಟಿ ಮಾರುವವರಿಂದ ಬೇಸ್ ಗಿಟಾರ್‌ಗೆ ಓವರ್‌ಡ್ರೈವ್ (ಸ್ವರವನ್ನು ಒರಟಾಗಿಸುವ ಪೆಡಲ್) ಕೊಳ್ಳಲು ಹೊರಟವರು ಮೊದಲು ಇದನ್ನು ಓದಿ. ಇಷ್ಟು ವರ್ಷ ಬೇಸ್ ನುಡಿಸಿದ ನಾನು ಮೋಸಹೋಗಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

"ಬೇಸ್‌ಗೆಂದೇ ಮಾಡಿದ್ದು ಸರ್. ಪ್ರೀಆಂಪ್, ಓವರ್‌ಡ್ರೈವ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಬ್ಲೆಂಡ್ ಇದೆ, ಡಿಐ ಇದೆ" ಎಂದಿದ್ದ ಮಾರಿದವನು. ಪ್ರೀಆಂಪ್ ಎಂದರೆ ಆಂಪ್‌ಗೆ ಹೋಗುವ ಮುನ್ನ ಸಿಗ್ನಲ್ಲನ್ನು ಹದಗೊಳಿಸುವ ಭಾಗ. ಬ್ಲೆಂಡ್ ಎಂದರೆ ಶುದ್ಧ ಸ್ವರವನ್ನೂ ಓವರ್‌ಡ್ರೈವ್ ಆದ ಸ್ವರವನ್ನೂ ಬೆರೆಸುವ ನಾಬ್. ಡಿಐ ಎಂದರೆ ಮಿಕ್ಸರ್‌ಗೆ ನೇರವಾಗಿ ಜೋಡಿಸುವ ಸಾಕೆಟ್. ಒಂದು ವಿಡಿಯೊ ಕಳಿಸಿದ. ಅದನ್ನು ಮೊಬೈಲ್‌ನಲ್ಲೇ ಕೇಳಿದೆ. ಬೆರಳಿಡದೆ ಮೀಟಿದ ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ ಅದನ್ನು ನುಡಿಸುವ ಶಕ್ತಿಯೇ ಇಲ್ಲ, ಕಿವಿಗೆ ಬೀಳುವುದು ಅದರ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಜೊತೆಗೆ ಹುಟ್ಟುವ ಎತ್ತರದ ಸ್ವರಗಳು ಮಾತ್ರ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪೂರ್ತಿ ಹಣ ಮುಂಗಡವಾಗಿ ಕಳಿಸಿದೆ.

ಮನೆಯಲ್ಲಿ ಸಣ್ಣ ಧ್ವನಿಯಲ್ಲಿ ನುಡಿಸಿದಾಗ ಏನೂ ಅನುಮಾನ ಬರಲಿಲ್ಲ. ತಂಡದ ಅಭ್ಯಾಸದ ದಿನ ಎಲ್ಲರೂ ಮಾಡುವಂತೆ ಬ್ಲೆಂಡ್ ಅರ್ಧಕ್ಕಿಟ್ಟು, ಡ್ರಮ್ಸ್ ಶುರುವಾದ ಮೇಲೆ ಪೆಡಲ್ ತುಳಿದೆ. ತಳವೇ, ಅಂದರೆ ಬೇಸ್‌ನ ಕೆಳಸ್ವರವೇ ಮಾಯವಾಯಿತು. ಡ್ರಮ್ಸ್ ನುಡಿಸುವವನು ಕೈ ನಿಲ್ಲಿಸಿ, "ಕೇಬಲ್ ಕಿತ್ತುಬಂತಾ?" ಎಂದು ಕೇಳಿದ. ಕೇಬಲ್ ಸರಿಯಾಗಿಯೇ ಇತ್ತು. ಬ್ಲೆಂಡನ್ನು ಒಂದು ತುದಿಗೆ ತಿರುಗಿಸಿದರೆ ಶುದ್ಧ ಬೇಸ್ ಬರುತ್ತದೆ, ಇನ್ನೊಂದು ತುದಿಯಲ್ಲಿ ತೆಳ್ಳಗಿನ ಕರಕರ ಬರುತ್ತದೆ, ನಡುವೆ ಟೊಳ್ಳು. ಆ ಕ್ಷಣ ಮುಖ ಬಿಸಿಯೇರಿದ್ದು ಇನ್ನೂ ನೆನಪಿದೆ. ಎಲ್ಲರ ಮುಂದೆ ಇದರ ಗುಣಗಾನ ಮಾಡಿ ಹತ್ತು ನಿಮಿಷವೂ ಆಗಿರಲಿಲ್ಲ.

ಮಾರಿದವನಿಗೆ ಬರೆದೆ. ಮೊದಲ ಉತ್ತರ: "ನಿಮ್ಮ ಆಂಪ್ ಚೆಕ್ ಮಾಡಿಸಿ ಸರ್." ಬೇರೆ ಆಂಪ್‌ನಲ್ಲೂ ಹೀಗೆಯೇ ಎಂದೆ. "ತಂತಿ ಹಳೆಯದಿರಬೇಕು." ಹೊಸ ತಂತಿ ಹಾಕಿದ್ದೇನೆ ಎಂದೆ. "ಇದುವರೆಗೆ ಯಾರೂ ದೂರು ಹೇಳಿಲ್ಲ, ಓವರ್‌ಡ್ರೈವ್ ಬಳಸಿ ನಿಮಗೆ ಅಭ್ಯಾಸವಿಲ್ಲ ಅನಿಸುತ್ತದೆ." ಅಭ್ಯಾಸವಿಲ್ಲವಂತೆ! ನನಗೆ!

ಬೆಸುಗೆ ಕೆಲಸ ಬಲ್ಲ ಗೆಳೆಯನೊಬ್ಬ ಹಿಂದಿನ ನಾಲ್ಕು ತಿರುಪು ಬಿಚ್ಚಿದ. ಒಳಗಿದ್ದದ್ದು ಟ್ಯೂಬ್ ಸ್ಕ್ರೀಮರ್ ಎಂಬ ಹೆಸರಾಂತ ಗಿಟಾರ್ ಓವರ್‌ಡ್ರೈವ್‌ನ ಸರ್ಕ್ಯೂಟ್‌ನ ನಕಲು. ಆ ಸರ್ಕ್ಯೂಟ್ ಗಿಟಾರ್‌ಗೆ ಬಹಳ ಒಳ್ಳೆಯದು, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸುಮಾರು 720 ಹರ್ಟ್ಸ್‌ಗಿಂತ ಕೆಳಗೆ ಹೋದಂತೆ ಅದರ ಡ್ರೈವ್ ಕುಗ್ಗುತ್ತದೆ. ಬೇಸ್‌ನ ಮೂಲ ಸ್ವರಗಳೆಲ್ಲ ಇರುವುದು ಅಲ್ಲಿಯೇ. ಇನ್ನು ಬ್ಲೆಂಡ್: ಶುದ್ಧ ಸಿಗ್ನಲ್‌ನ ದಾರಿಯಲ್ಲಿ ಒಂದೇ ಒಂದು ಟ್ರಾನ್ಸಿಸ್ಟರ್ ಹಂತವನ್ನು ಮಾರಿದವನು ಸೇರಿಸಿದ್ದ. ಅದು ಸಿಗ್ನಲ್ಲನ್ನು ತಲೆಕೆಳಗು ಮಾಡುತ್ತದೆ. ಹಾಗೆ ತಿರುಗಿಬಿದ್ದ ಸಿಗ್ನಲ್ ಡ್ರೈವ್ ಆದ ಸಿಗ್ನಲ್ ಜೊತೆ ಸೇರಿದಾಗ ತಳದ ಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ. ಡಿಐ ಸಾಕೆಟ್‌ನಲ್ಲಿ ಸಿಗ್ನಲ್‌ನ ಜೋಡಿ ತಂತಿ ಸೇರಬೇಕಾದ ಮೂರನೆಯ ಪಿನ್‌ಗೆ ತಂತಿಯನ್ನೇ ಬೆಸೆದಿರಲಿಲ್ಲ. ಅದು ಡಿಐ ಅಲ್ಲವೇ ಅಲ್ಲ, ಬರೀ ತೂತು.

ಫೋಟೊ ಕಳಿಸಿದೆ. ಉತ್ತರ: "ತಿರುಪು ಬಿಚ್ಚಿದ್ದೀರಿ, ವಾರಂಟಿ ಹೋಯಿತು." ಬಿಚ್ಚದಿದ್ದರೆ ನನಗೆ ಅಭ್ಯಾಸವಿಲ್ಲ, ಬಿಚ್ಚಿದರೆ ವಾರಂಟಿ ಇಲ್ಲ! ಅದಾದ ಮೇಲೆ ಬರೆದ ಆರು ಸಂದೇಶಗಳನ್ನೂ ಓದಿದ್ದಾನೆ, ಒಂದಕ್ಕೂ ಉತ್ತರವಿಲ್ಲ.

ಕೊಳ್ಳುವ ಮುನ್ನ ದೊಡ್ಡ ಸ್ಪೀಕರ್‌ನಲ್ಲಿ ಇ ತಂತಿ ಮೀಟುತ್ತಾ ಬ್ಲೆಂಡನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ಧ್ವನಿ ಸ್ವಲ್ಪ ಏರಿಳಿಯಬಹುದು. ನಡುವೆ ತಳವೇ ಕುಸಿದರೆ ಅದನ್ನು ಮುಟ್ಟಬೇಡಿ. ದೂರದಿಂದ ಕೊಳ್ಳುವುದಾದರೆ ಇದನ್ನೇ ವಿಡಿಯೊ ಮಾಡಿ ಕಳಿಸಲು ಹೇಳಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಳಗಿನ ಬೋರ್ಡಿನ ಫೋಟೊ ಕೇಳಿ. ಕೊಡಲು ಹಿಂಜರಿದರೆ ಹಣ ಕಳಿಸಬೇಡಿ.

ನಿನ್ನೆ ಅವನು ಅದೇ ಪೆಡಲ್ಲನ್ನು ಮತ್ತೆ ಮಾರಾಟಕ್ಕೆ ಹಾಕಿದ್ದಾನೆ. ಪೆಟ್ಟಿಗೆಯ ಬಣ್ಣ ಬೇರೆ, ವಿಡಿಯೊ ನನಗೆ ಕಳಿಸಿದ್ದೇ.