ಮೆಕ್ಯಾನಿಕಲ್ಲೋ, ಇಂಡಸ್ಟ್ರಿಯಲ್ಲೋ?

ಸಿಇಟಿ ಬರೆದು ಎಂಜಿನಿಯರಿಂಗ್ ಬ್ರಾಂಚ್ ಆರಿಸುವ ಆಪ್ಷನ್ ಎಂಟ್ರಿ ಹೊತ್ತಿಗೆ ಈ ಗೊಂದಲ ಇದ್ದದ್ದೇ. ಮೆಕ್ಯಾನಿಕಲ್‌ನಲ್ಲಿ ಯಂತ್ರವೇ ಮುಖ್ಯ: ಥರ್ಮೋಡೈನಾಮಿಕ್ಸ್ (ಶಾಖ-ಶಕ್ತಿಯ ಲೆಕ್ಕ), ಫ್ಲೂಯಿಡ್ ಮೆಕ್ಯಾನಿಕ್ಸ್ (ದ್ರವ-ಅನಿಲಗಳ ಚಲನೆ), ಡಿಸೈನ್.

ಇಂಡಸ್ಟ್ರಿಯಲ್‌ನಲ್ಲಿ ಕಣ್ಣು ಇಡೀ ಕೆಲಸದ ಮೇಲೆ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೀರಿ ಅಂದುಕೊಳ್ಳಿ. ಕಾಲರ್ ಹೊಲಿಯಲು 40 ಸೆಕೆಂಡ್, ತೋಳು ಜೋಡಿಸಲು 60. ತೋಳಿನವರ ಮುಂದೆ ಬಟ್ಟೆ ರಾಶಿ ಬೀಳುತ್ತದೆ, ಅಲ್ವಾ? ಕಾಲರ್‌ಗೆ ಇಬ್ಬರು, ತೋಳಿಗೆ ಮೂವರು ಕೂತರೆ ಎರಡೂ ಕಡೆ 20 ಸೆಕೆಂಡಿಗೊಂದು ಪೀಸ್. ಇದೇ ಲೈನ್ ಬ್ಯಾಲೆನ್ಸಿಂಗ್.

ಗಣಿತದಿಂದ ತಪ್ಪಿಸಿಕೊಳ್ಳಬಹುದು ಅಂತ ಸುಮ್ನೆ ಇಂಡಸ್ಟ್ರಿಯಲ್‌ಗೆ ಬರಬೇಡಿ. ಇಲ್ಲಿ ಸ್ಟ್ಯಾಟಿಸ್ಟಿಕ್ಸ್, ಆಪರೇಷನ್ಸ್ ರಿಸರ್ಚ್ (ಇರುವ ಜನ, ಸಮಯ, ಹಣವನ್ನು ಚೆನ್ನಾಗಿ ಬಳಸುವ ದಾರಿ ಹುಡುಕುವ ಗಣಿತ) ಜಾಸ್ತಿ. ಎಂ.ಟೆಕ್ ಸೀಟಿಗೆ, ಕೆಲವು ಸರ್ಕಾರಿ ಕಂಪನಿಗಳ ಕೆಲಸಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಪೇಪರ್ ಇದೆ. ಆದರೆ ಸರ್ಕಾರಿ ಕಂಪನಿಯ ಕೆಲಸವೇ ಗುರಿಯಾದರೆ ಮೆಕ್ಯಾನಿಕಲ್ಲೇ ವಾಸಿ. ಗೋದಾಮು, ಸಪ್ಲೈ ಚೈನ್, ಡೇಟಾ ಕಡೆ ಮನಸ್ಸಿದ್ದರೆ? ನಾನಾದರೆ ಇಂಡಸ್ಟ್ರಿಯಲ್ಲನ್ನೇ ಮೊದಲು ಹಾಕುತ್ತೇನೆ.